ನಾಲ್ಕು ಬೆರಳು ಈಚೆಗೆ

ಹಲ್ಲಿನ ಡಾಕ್ಟರು ನನ್ನ ಮನೆ ಬಾಗಿಲಿಗೆ ಬಂದಾಗ ಅವರ ಬೂಟುಗಳು ಕಾಲಲ್ಲಿರಲಿಲ್ಲ, ಕೈಯಲ್ಲಿದ್ದವು.

ನನ್ನ ಮನೆಯ ನೇರ ಮೇಲಿನ ಮನೆ ಅವರದು. ಬಂದು ಒಂದು ವರ್ಷದ ಮೇಲಾಗಿತ್ತು. ಮೆಟ್ಟಿಲಲ್ಲಿ ಎದುರಾದರೆ ತಲೆ ಆಡಿಸುವುದು, ನೀರು ಬಂತಾ ಎಂದು ಕೇಳುವುದು, ಅಷ್ಟೇ ನಮ್ಮ ಪರಿಚಯ. ಅವತ್ತು ಬೆಳಗ್ಗೆ ನಾನು ಮನೆಯಲ್ಲೇ ಒಂದು ಹಳೆಯ ಆಂಪ್ಲಿಫೈಯರನ್ನು ಪರೀಕ್ಷೆ ಮಾಡಿದ್ದೆ. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ಮೊದಲೇ ಸೊಂಟ ಕಟ್ಟಿ ನಿಂತೆ.

"ಸದ್ದು ಜಾಸ್ತಿ ಆಗಿದ್ರೆ ಹೇಳಿ. ಆದ್ರೆ ಇದು ನನ್ನ ಹೊಟ್ಟೆಪಾಡು" ಎಂದೆ.

"ಜಾಸ್ತಿ ಅಲ್ಲ ಮೇಡಂ, ಕಮ್ಮಿ" ಎಂದರು ಅವರು ಮೆಲ್ಲಗೆ. "ನಮ್ಮನೇಲಿ ಹಾಡಿನ ಬಾಸ್ ಕಾಣೆಯಾಗಿದೆ. ನೀವು ಸ್ಪೀಕರ್ ಕೂರಿಸೋದ್ರಲ್ಲಿ ಎತ್ತಿದ ಕೈ ಅಂತ ವಾಚ್‌ಮನ್ ಹೇಳಿದ."

ಕಟ್ಟಿದ ಸೊಂಟವನ್ನು ಬಿಚ್ಚುವುದು ಹೇಗೆಂದು ತಿಳಿಯದೆ, "ಬೂಟು ಯಾಕೆ ಕೈಯಲ್ಲಿ?" ಎಂದು ಕೇಳಿದೆ.

"ಮೆಟ್ಟಿಲ ಮೇಲೆ ಟಕಟಕ ಅನ್ನುತ್ತೆ. ಕೆಳಗಿನ ಮನೆಯವರ ಕಿವಿ ಬಹಳ ಸೂಕ್ಷ್ಮ ಅಂತಾನೂ ವಾಚ್‌ಮನ್ನೇ ಹೇಳಿದ್ದು."

"ಕೆಳಗಿನ ಮನೆಯವಳು ನಾನೇ."

"ಗೊತ್ತು" ಎಂದು ನಕ್ಕರು. ಒಂದು ವರ್ಷದಿಂದ ಆ ಮನುಷ್ಯ ನನ್ನ ಬಾಗಿಲ ಮುಂದೆ ಬರಿಗಾಲಲ್ಲಿ ಹತ್ತಿ ಇಳಿಯುತ್ತಿದ್ದ. ನಾನು ಅವರ ಕಾಲಿಗೇನೋ ರೋಗ ಎಂದುಕೊಂಡಿದ್ದೆ.

ನನ್ನ ಕಸುಬು ಏನೆಂದು ಹೇಳಿದರೆ ಜನ ಎರಡು ಸಲ ಕೇಳುತ್ತಾರೆ. ನಾನು ಸ್ಪೀಕರ್ ಮಾರುವವಳಲ್ಲ, ರಿಪೇರಿ ಮಾಡುವವಳೂ ಅಲ್ಲ. ಕೋಣೆಯಲ್ಲಿ ಸ್ಪೀಕರ್ ಎಲ್ಲಿಡಬೇಕು ಎಂದು ಹೇಳುವವಳು. ಎಷ್ಟು ಒಳ್ಳೆಯ ಸ್ಪೀಕರ್ ತಂದರೂ ಕೋಣೆ ಮನಸ್ಸು ಮಾಡದಿದ್ದರೆ ಬಾಸ್ ಬರುವುದಿಲ್ಲ. ಆ ದಪ್ಪ ಸ್ವರ ಗೋಡೆಯಿಂದ ಗೋಡೆಗೆ ಹೊಡೆದಾಡಿ ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಪೂರ್ತಿ ಮಾಯವಾಗುತ್ತದೆ. ಮೂಲೆಯಲ್ಲಿ ನಿಂತವನ ಎದೆ ನಡುಗುವಾಗ ನಡುವೆ ಕೂತವನಿಗೆ ಏನೂ ಕೇಳುವುದಿಲ್ಲ.

ಇದನ್ನು ಕಲಿಸಿದ್ದು ಅಪ್ಪ. ಅಪ್ಪನ ಹತ್ತಿರ ಯಂತ್ರವೇನೂ ಇರಲಿಲ್ಲ. ಹೊಸ ಮನೆಗೆ ಹೋದರೆ ಮೊದಲು ತುಟಿ ಮುಚ್ಚಿ "ಹ್ಮ್" ಎಂದು ಗುನುಗುತ್ತ ಕೋಣೆ ಸುತ್ತುತ್ತಿದ್ದರು. ಸ್ವರ ಇಳಿಸುತ್ತ ಇಳಿಸುತ್ತ ಹೋದರೆ ಒಂದು ಕಡೆ ಕೋಣೆಯೇ ತಿರುಗಿ "ಹ್ಮ್" ಎನ್ನುತ್ತಿತ್ತು. ಅದಕ್ಕೆ ಅವರು ಕೋಣೆಯನ್ನು ಮಾತಾಡಿಸುವುದು ಎನ್ನುತ್ತಿದ್ದರು. ಆಮೇಲೆ ಮನೆಯವರು ಕೂರುವ ಕುರ್ಚಿಯ ಮೇಲೆ ಸ್ಪೀಕರನ್ನು ಕೂರಿಸಿ, ಹಾಡು ಹಾಕಿ, ತಾವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಗುಂಟ ಹೋಗುತ್ತಿದ್ದರು. ಬಾಸ್ ಎಲ್ಲಿ ತುಂಬಿ ಕೇಳಿಸಿತೋ ಅದೇ ಸ್ಪೀಕರಿನ ಜಾಗ. ಕುರ್ಚಿಯಿಂದ ಅಲ್ಲಿಗೆ ಚೆನ್ನಾಗಿ ಬಂದರೆ ಅಲ್ಲಿಂದ ಕುರ್ಚಿಗೂ ಚೆನ್ನಾಗಿ ಬರುತ್ತದೆ. ಜಾಗ ಸಿಕ್ಕ ಕೂಡಲೇ ಬೆರಳ ಗೆಣ್ಣಿನಿಂದ ನೆಲವನ್ನು ಎರಡು ಸಲ ತಟ್ಟುತ್ತಿದ್ದರು. ಹಿಂದೆಯೇ ಸೀಮೆಸುಣ್ಣ ಹಿಡಿದು ಅಂಬೆಗಾಲಿಡುತ್ತಿದ್ದ ನಾನು ಅಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಎಂಟನೇ ವಯಸ್ಸಿನಿಂದ ಮೂವತ್ತೊಂದರವರೆಗೆ ನಾವಿಬ್ಬರೂ ಹೀಗೇ ಊರೆಲ್ಲ ಮಂಡಿಯ ಮೇಲೆ ಸುತ್ತಿದ್ದೇವೆ.

ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಮ್ಮ ಮೊಮ್ಮಗನನ್ನು ನೋಡಿಕೊಳ್ಳಲು ತಂಗಿಯ ಮನೆಗೆ ಹೋದವಳು, ಪ್ರತಿ ಭಾನುವಾರ ಫೋನ್ ಮಾಡಿ, "ಒಬ್ಬಳೇ ಆ ಮನೇಲಿ ಏನು ಮಾಡ್ತೀಯಾ, ಬಿಟ್ಟು ಬಾ" ಎನ್ನುತ್ತಿದ್ದಳು. ನಾನು ಏನೋ ಒಂದು ನೆಪ ಹೇಳುತ್ತಿದ್ದೆ. ನಿಜವಾದ ಕಾರಣವನ್ನು ಅಮ್ಮನಿಗೆ ಹೇಳುವಂತಿರಲಿಲ್ಲ.

ಅಪ್ಪ ಹೋದ ತಿಂಗಳೊಪ್ಪತ್ತಿಗೆ ಒಂದು ಸಂಜೆ ಏಳು ಗಂಟೆಗೆ, ಅಪ್ಪನ ಕೋಣೆಯ ಮೂಲೆಯಲ್ಲಿ ಅವರ ಗುನುಗು ಕೇಳಿಸಿತು. ಹಾಡಲ್ಲ, ಮಾತಲ್ಲ. ತುಟಿ ಮುಚ್ಚಿದ ಆ "ಹ್ಮ್" ಮಾತ್ರ. ಮೂಲೆಯಲ್ಲಿ ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ ಮರದ ಸ್ಟೂಲ್ ಇತ್ತು. ಅದರ ಮೇಲೆ ಚಹಾದ ಲೋಟ ಇಟ್ಟಿದ್ದೆ. ಚಹಾದ ಮೇಲೆ ಸಣ್ಣ ಸಣ್ಣ ಬಳೆಯಂಥ ಅಲೆಗಳು ಏಳುತ್ತಿದ್ದವು. ಮೈ ಜುಮ್ಮೆಂದಿತು, ಆದರೆ ಓಡಿಹೋಗಬೇಕು ಅನ್ನಿಸಲಿಲ್ಲ. ನೆಲದ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟೆ. ಗೋಡೆ ಸಣ್ಣಗೆ ಉಸಿರಾಡುತ್ತಿತ್ತು.

ಅಂದಿನಿಂದ ದಿನಾ ಏಳಕ್ಕೆ ನಾನು ಆ ಮೂಲೆಯಲ್ಲಿರುತ್ತಿದ್ದೆ. ಯಾಕೋ ಬುಧವಾರಗಳಂದು ಗುನುಗು ಇನ್ನೂ ಸ್ಪಷ್ಟವಾಗಿರುತ್ತಿತ್ತು. ಸ್ಟೂಲನ್ನು ಒಂದಿಂಚೂ ಅಲುಗಿಸಲಿಲ್ಲ, ಗುಡಿಸುವಾಗಲೂ ಸುತ್ತ ಗುಡಿಸುತ್ತಿದ್ದೆ. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದು ಗೊತ್ತಿತ್ತು. ಹೇಳಲಿಲ್ಲ, ಕೇಳುತ್ತಾ ಕೂತೆ.

ಡಾಕ್ಟರ ಮನೆಗೆ ಹೋಗಿದ್ದು ಒಂದು ಗುರುವಾರ ಸಂಜೆ. ನನ್ನ ಮನೆಯದೇ ನಕ್ಷೆ. ಅಪ್ಪನ ಕೋಣೆಯ ಮೇಲಿನ ಕೋಣೆಯಲ್ಲಿ ಅವರ ಸಂಗೀತ. ಮೊಣಕಾಲೆತ್ತರದ ಎರಡು ಮರದ ಸ್ಪೀಕರುಗಳನ್ನು ಎರಡು ಮೂಲೆಗೆ ಒತ್ತಿ ಇಟ್ಟಿದ್ದರು. ನಟ್ಟನಡುವೆ ಒಂದೇ ಒಂದು ಕುರ್ಚಿ. ಕಿಟಕಿಯ ಮೇಲೆ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳು ಸಾಲಾಗಿ ಕೂತು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

"ಇವರೆಲ್ಲ ನನ್ನ ಪೇಶೆಂಟ್ಸು. ಹೆದರ್ಕೋಬೇಡಿ, ಕಚ್ಚಲ್ಲ" ಎಂದರು.

"ಏನು ಕೇಳ್ತೀರಿ ನೀವು?"

ಅವರು ಒಂದು ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಂದರು. "ಹನ್ನೆರಡು ಜನ ನುಡಿಸಿರೋದು. ಅದರಲ್ಲಿ ಡಬಲ್ ಬಾಸ್ ನಮ್ಮಕ್ಕ. ಆಳೆತ್ತರದ ಪಿಟೀಲು, ನಿಂತ್ಕೊಂಡೇ ನುಡಿಸಬೇಕು. ಈಗ ಅವಳ ಬೆರಳುಗಳು ಮಡಚಿಕೊಂಡಿವೆ, ಕಮಾನು ಹಿಡಿಯೋಕಾಗಲ್ಲ. ಉಳಿದಿರೋದು ಇದೊಂದೇ." ರೆಕಾರ್ಡಿನ ಅಂಚಿನ ಧೂಳು ಒರೆಸಿದರು. "ಈ ಕುರ್ಚಿಯಲ್ಲಿ ಕೂತ್ರೆ ಹನ್ನೊಂದು ಜನ ಕೇಳಿಸ್ತಾರೆ. ಅವಳೊಬ್ಬಳು ಕೇಳಿಸಲ್ಲ. ದಿನಾ ಏಳು ಗಂಟೆಗೆ ಹಾಕ್ತೀನಿ, ದಿನಾ ಅವಳೊಬ್ಬಳು ಇರಲ್ಲ."

ಏಳು ಗಂಟೆ ಎಂಬ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ಅಭ್ಯಾಸದಂತೆ ಕೋಣೆ ಸುತ್ತಿದೆ. ಅವರು ರೆಕಾರ್ಡ್ ಹಾಕಿದರು. ಎಡಗಡೆಯ ಮೂಲೆಗೆ ಹೋಗಿ, ಸ್ಪೀಕರಿನ ಪಕ್ಕ ಮಂಡಿಯೂರಿ, ನೆಲಕ್ಕೆ ಕಿವಿ ಹತ್ತಿರ ತಂದೆ.

ಅಪ್ಪ ಅಲ್ಲಿದ್ದರು. ಅದೇ ಹ್ಮ್. ಅದೇ ಸ್ವರ, ಸ್ಪೀಕರಿನ ಹಲಗೆಯಿಂದ ನೆಲಕ್ಕೆ, ನೆಲದಿಂದ ಕೆಳಗೆ ಇಳಿದುಹೋಗುತ್ತಿತ್ತು. ಆ ಮೂಲೆಯ ನೇರ ಕೆಳಗೆ ನನ್ನ ಅಪ್ಪನ ಸ್ಟೂಲ್ ಇತ್ತು.

ನನ್ನ ಕಸುಬಿನವಳು ಮಾಡಬಾರದ ತಪ್ಪನ್ನು ನಾನು ಮಾಡಿದ್ದೆ. ಊರವರ ಮೂಲೆಗಳನ್ನೆಲ್ಲ ಅಳೆದವಳು ನನ್ನ ಮೂಲೆಯನ್ನು ಅಳೆದಿರಲಿಲ್ಲ. ಗುನುಗು ಶುರುವಾಗಿದ್ದು ಹದಿಮೂರು ತಿಂಗಳ ಹಿಂದೆ. ಡಾಕ್ಟರು ಈ ಮನೆಗೆ ಬಂದಿದ್ದೂ ಹದಿಮೂರು ತಿಂಗಳ ಹಿಂದೆ. ಇಷ್ಟು ದಿನ ಯಾರದೋ ಅಕ್ಕನ ವಾದ್ಯಕ್ಕೆ ಬೆನ್ನು ಕೊಟ್ಟು ಕೂತು ಅಪ್ಪಾ ಎಂದು ಕಣ್ಣೀರು ಹಾಕಿದ್ದೆ.

"ಏನಾಯ್ತು?" ಅವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಏನಿಲ್ಲ."

"ಮುಖ ಬಿಳುಚಿಕೊಂಡಿದೆ. ಹಲ್ಲು ಕೀಳಿಸೋಕೆ ಕೂತವರ ಮುಖ ನಾನು ದಿನಾ ನೋಡ್ತೀನಿ. ನೀರು ತರ್ಲಾ?"

"ಸ್ಪೀಕರ್ ಎತ್ತಿ. ಕುರ್ಚಿ ಮೇಲೆ ಇಡಬೇಕು" ಎಂದೆ.

ಇಬ್ಬರೂ ಸೇರಿ ಒಂದು ಸ್ಪೀಕರನ್ನು ಕುರ್ಚಿಯ ಮೇಲೆ ಕೂರಿಸಿದೆವು. ನಾನು ಅಂಬೆಗಾಲಿಟ್ಟೆ. ಅವರು ನಗಲಿಲ್ಲ. ಹೆಚ್ಚಿನವರು ನಗುತ್ತಾರೆ. ಅವರು ನನ್ನ ಮುಂದೆ ಮುಂದೆ ಹೋಗಿ ನೆಲದ ಮೇಲಿನ ವೈರುಗಳನ್ನು ಪಕ್ಕಕ್ಕೆ ಸರಿಸುತ್ತಿದ್ದರು, ಮಗುವಿಗೆ ದಾರಿ ಬಿಡುವಂತೆ.

ಮೂಲೆಯಲ್ಲಿ ಬಾಸ್ ಸತ್ತುಹೋಗಿತ್ತು. ಒಂದು ಮಾರು ದೂರ ಬಂದಾಗ, ಪುಸ್ತಕದ ಕಪಾಟಿನ ಪಕ್ಕ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ಆ ಅಕ್ಕ ಒಮ್ಮೆಗೇ ಎದ್ದು ನಿಂತಳು. ಅಷ್ಟು ತುಂಬಿದ ಸ್ವರ. ಸ್ಪೀಕರಿನ ಜಾಗ ಅದೇ. ಅದರ ಜೋಡಿಯನ್ನು ಆಚೆ ಬದಿಗೆ ಅಷ್ಟೇ ಅಳತೆಗೆ ಇಟ್ಟರೆ ಕೆಲಸ ಮುಗಿಯಿತು. ಸೀಮೆಸುಣ್ಣ ನನ್ನ ಜೇಬಿನಲ್ಲಿತ್ತು.

ಆದರೆ ಸ್ಪೀಕರ್ ಮೂಲೆ ಬಿಟ್ಟರೆ ನನ್ನ ಮೂಲೆ ಸುಮ್ಮನಾಗುತ್ತದೆ. ಸುಳ್ಳಾದರೂ ಸರಿ, ನನಗೆ ಅದು ಬೇಕಾಗಿತ್ತು.

"ಮೊದಲಿದ್ದ ಜಾಗಾನೇ ಸರಿ. ಕಿವಿಗೆ ರೂಢಿ ಆಗ್ಬೇಕು. ಒಂದು ವಾರ ಕೇಳಿ ನೋಡಿ" ಎಂದೆ.

"ನೀವು ಹೇಳಿದ್ಮೇಲೆ ಸರಿ" ಎಂದರು ಅವರು. ಒಂದು ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ, ಸ್ಪೀಕರನ್ನು ಮತ್ತೆ ಮೂಲೆಗೆ ಒತ್ತಿದರು.

ವಾರ ಕಳೆದ ಮೇಲೆ ಮತ್ತೆ ಹೋದೆ. ಒಂದಿಂಚು ಆಚೆ ಸರಿಸಿದೆ. ಮರುವಾರ ಒಂದಿಂಚು ಈಚೆ ಸರಿಸಿದೆ. ಎರಡು ಸ್ಪೀಕರಿನ ಸ್ಟೀರಿಯೋ ನಡುವೆ ಕೂತ ಒಬ್ಬರಿಗೇ ಸರಿಯಾಗಿ ಕೇಳಿಸುವುದು ಎಂದು ಪಾಠವನ್ನೂ ಹೇಳಿದೆ. ನಡುನಡುವೆ ಅವರು ಚಹಾ ಮಾಡುತ್ತಿದ್ದರು, ಸಕ್ಕರೆ ಹಾಕದೆ.

"ಸಕ್ಕರೆ ಕೊಡದ ಮನೆ ಇದೊಂದೇ" ಎಂದೆ ಒಂದು ದಿನ.

"ನಿಮ್ಮ ಮೇಲಿನ ಎಡಗಡೆ ಹಲ್ಲಿನ ಹಿತಕ್ಕೆ. ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆಯಲ್ಲ, ಅದು."

ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. "ಅದನ್ನ ಯಾವಾಗ ನೋಡಿದ್ರಿ?"

"ಮೆಟ್ಟಿಲಲ್ಲಿ. ಒಂದು ವರ್ಷದ ಹಿಂದೆ. ಪೇಪರ್‌ನವನ ಜೊತೆ ಜಗಳ ಆಡ್ತಿದ್ರಿ." ಅವರು ಲೋಟದೊಳಗೆ ನೋಡುತ್ತಿದ್ದರು, ನನ್ನನ್ನಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. "ಕೈ ತೆಗೀರಿ. ನೂರಾರು ಬಾಯಿ ನೋಡಿದೀನಿ, ಅಷ್ಟು ಚೆನ್ನಾಗಿ ತಪ್ಪು ಜಾಗದಲ್ಲಿರೋ ಹಲ್ಲು ನೋಡಿಲ್ಲ."

ಐದನೇ ಸಲ ಹೋದಾಗ ಅವರ ಅಕ್ಕನ ಫೋನ್ ಬಂತು. ಅವರ ಕೈಯಲ್ಲಿ ಚಹಾದ ತಟ್ಟೆ ಇದ್ದುದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದರು.

"ಏನೋ, ಸೌಂಡ್ ಮೇಡಂ ಬಂದಿದಾರಾ?"

"ಬಂದಿದಾರೆ ಅಕ್ಕ."

"ಎಷ್ಟನೇ ಸಲ ಇದು?"

"ಐದನೇದು."

"ಒಂದು ಹಲ್ಲು ಕೀಳೋಕೆ ನೀನು ಯಾರನ್ನಾದ್ರೂ ಐದು ಸಲ ಕರೆಸಿದೀಯಾ?"

"ಫೋನ್ ಸ್ಪೀಕರಲ್ಲಿದೆ ಅಕ್ಕ."

"ಗೊತ್ತು. ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ತಿರೋದು" ಎಂದು ಆ ಕಡೆಯಿಂದ ಫೋನ್ ಇಟ್ಟಾಯಿತು. ಆ ದನಿ ತುಂಬ ಚೆನ್ನಾಗಿತ್ತು. ಅವಳ ವಾದ್ಯವನ್ನೇ ನಾನು ಅವಳ ತಮ್ಮನಿಂದ ಕದ್ದಿಟ್ಟುಕೊಂಡಿದ್ದೆ.

ನನಗೆ ಅವರ ಮೇಲೆ ಮನಸ್ಸಾಗಿತ್ತು. ಅದನ್ನು ನನಗೆ ನಾನೇ ಒಪ್ಪಿಕೊಂಡಿದ್ದು ಆ ಮೂಲೆಯಲ್ಲಿ. ಏಳು ಹೊಡೆಯುತ್ತಿತ್ತು, ಮೇಲೆ ಬರಿಗಾಲಿನ ಹೆಜ್ಜೆ, ಆಮೇಲೆ ಗುನುಗು. ಹೆಜ್ಜೆ ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು. ಸ್ಟೂಲಿನ ಪಕ್ಕ ಕೂತು ನಾನು ಅಪ್ಪನಿಗೆ ಕಾಯುತ್ತಿದ್ದೇನೋ ಅವರಿಗೋ, ನನಗೇ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಕತ್ತು ಎತ್ತಿ ನೋಡಿದರೆ ಗೋಡೆಗೆ ಒರಗಿದ್ದ ನನ್ನ ನೆರಳಿನ ಪಕ್ಕ ಸ್ಟೂಲಿನ ನೆರಳು ಸ್ವಲ್ಪ ಎತ್ತರವಾಗಿ ಕಂಡಿತು, ಮೇಲೆ ಯಾರೋ ಕೂತ ಹಾಗೆ. ದೀಪ ಹಾಕಿದೆ. ಸ್ಟೂಲ್ ಸ್ಟೂಲಿನಷ್ಟೇ ಇತ್ತು.

ಆರನೇ ವಾರ, ಒಂದು ಮಂಗಳವಾರ, ನಾನು ಮೇಲೆ ಹೋದಾಗ ಅವರ ಮನೆ ಬಾಗಿಲಲ್ಲಿ ರಟ್ಟಿನ ಡಬ್ಬಗಳಿದ್ದವು.

"ಸ್ಪೀಕರ್ ಕೊಟ್ಟುಬಿಡ್ತೀನಿ. ಕ್ಲಿನಿಕ್ಕಿನ ನರ್ಸ್ ಮನೆಯವರು ಕೇಳ್ತಿದ್ರು" ಎಂದರು.

"ಯಾಕೆ?"

"ಕಿವಿ ಡಾಕ್ಟರ ಹತ್ರ ಹೋಗಿದ್ದೆ. ನೀವು ಜಾಗ ಸರಿ ಇದೆ ಅಂದ್ಮೇಲೆ ತೊಂದರೆ ನನ್ನ ಕಿವೀಲೇ ಇರ್ಬೇಕಲ್ಲ. ಎರಡು ಸಲ ಪರೀಕ್ಷೆ ಮಾಡಿದ್ರು. ಕಿವಿ ಚೆನ್ನಾಗಿದೆಯಂತೆ." ಅವರು ನಗಲು ನೋಡಿದರು, ಆಗಲಿಲ್ಲ. "ಅಂದ್ರೆ ತೊಂದರೆ ಇನ್ನೂ ಒಳಗಿದೆ. ಅಕ್ಕನ ಕೈ ಹೋದಾಗ ನಾನು ಒಂದು ವರ್ಷ ಅವಳನ್ನ ನೋಡೋಕೆ ಹೋಗಿರಲಿಲ್ಲ. ನೋಡೋಕೆ ಧೈರ್ಯ ಇರಲಿಲ್ಲ. ಅದಕ್ಕೇ ನನಗೆ ಅವಳು ಕೇಳಿಸಲ್ಲ ಅನ್ಸುತ್ತೆ."

ನನ್ನ ಒಂದು ಸುಳ್ಳು ಇಷ್ಟು ದೂರ ನಡೆದು ಬಂದಿತ್ತು.

"ನಿಮ್ಮ ಕಿವಿ ಸರಿ ಇದೆ, ಮನಸ್ಸೂ ಸರಿ ಇದೆ. ಕೆಟ್ಟಿರೋದು ನಾನು" ಎಂದೆ. ಬಾಗಿಲ ಬಳಿ ನಿಂತೇ ಎಲ್ಲ ಹೇಳಿದೆ. ಅಪ್ಪನ ಗುನುಗು, ಮೂಲೆ, ಸ್ಟೂಲ್, ಮೊದಲ ದಿನವೇ ಸಿಕ್ಕ ಜಾಗ, ಜೇಬಿನಲ್ಲೇ ಉಳಿದ ಸೀಮೆಸುಣ್ಣ. ಅವರು ಒಂದು ಡಬ್ಬದ ಮೇಲೆ ಕೂತು ಕೇಳಿದರು.

"ಬೈಯಿರಿ" ಎಂದೆ ಕೊನೆಗೆ.

"ಬೈತೀನಿ, ಆಮೇಲೆ" ಎಂದರು. ತುಂಬ ಹೊತ್ತು ಬೆರಳಿನಿಂದ ಡಬ್ಬದ ಅಂಚು ಕೆರೆಯುತ್ತಿದ್ದರು. "ಒಂದು ಮಾತು ಹೇಳ್ಲಾ? ಸ್ಪೀಕರ್ ಅಲ್ಲೇ ಇರ್ಲಿ. ನಿಮ್ಮಪ್ಪನೂ ಅಲ್ಲೇ ಇರ್ಲಿ. ಅಕ್ಕ ಹೇಗೂ ಫೋನ್ ಮಾಡ್ತಾಳೆ, ಮಾತು ಕೇಳಿಸುತ್ತೆ. ನೀವು ವಾರಕ್ಕೊಂದ್ಸಲ ಬಂದು ಇದನ್ನ ಒಂದಿಂಚು ಸರಿಸಿ ಹೋದ್ರೆ ನನಗೆ ಅಷ್ಟು ಸಾಕು."

ಅಳು ಬಂತು. ಅಡ್ಡ ಹಲ್ಲು ಕಾಣುವಂತೆ ಅತ್ತೆ. ಅವರು ಎದ್ದು ಬಂದು, ಮುಟ್ಟಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

"ನಿಮಗೆ ಅದು ಯಾವಾಗ ಕೇಳಿಸೋದು?" ಎಂದು ಕೇಳಿದರು, ಸುಮ್ಮನೆ ಮಾತು ಬದಲಿಸಲು.

"ದಿನಾ ಏಳಕ್ಕೆ."

"ದಿನಾ ಅಂದ್ರೆ, ಬುಧವಾರ ಬಿಟ್ಟು."

"ಬುಧವಾರ ಇನ್ನೂ ಚೆನ್ನಾಗಿ."

ನನ್ನ ತೋಳಿನ ಮೇಲಿನ ಬೆರಳುಗಳು ಬಿಗಿಯಾದವು. "ಬುಧವಾರ ನಾನು ಇಲ್ಲಿರಲ್ಲ" ಎಂದರು. "ಬಂದ ದಿನದಿಂದ ಬುಧವಾರ ಇನ್ನೊಂದು ಕ್ಲಿನಿಕ್ಕಿಗೆ ಹೋಗ್ತೀನಿ. ವಾಪಸ್ ಬರೋದು ಒಂಬತ್ತಾಗುತ್ತೆ. ಮನೆಗೆ ಬೀಗ ಇರುತ್ತೆ."

ಇಬ್ಬರೂ ನೆಲದ ಕಡೆ ನೋಡಿದೆವು.

ಮರುದಿನ ಬುಧವಾರ. ಅವರು ರಜೆ ಹಾಕಿದರು. ಆರೂವರೆಗೆ ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಬೂಟು ಅವರ ಕೈಯಲ್ಲೇ ಇತ್ತು. ಅಪ್ಪನ ಕೋಣೆಯಲ್ಲಿ ಸ್ಟೂಲಿನ ಆಚೆ ಒಬ್ಬರು, ಈಚೆ ಒಬ್ಬರು, ಗೋಡೆಗೆ ಬೆನ್ನು ಕೊಟ್ಟು ಕೂತೆವು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಎದುರು ಮನೆಯಲ್ಲಿ ಕುಕ್ಕರ್ ಕೂಗಿತು.

"ಬರದೇ ಇದ್ರೆ?" ಎಂದೆ.

"ಬರದೇ ಇದ್ರೆ ಹೀಗೇ ಕೂತಿರೋಣ. ನನಗೇನು ಬೇಜಾರಿಲ್ಲ" ಎಂದರು.

ಏಳಕ್ಕೆ ಬಂತು. ಮೊದಲು ಬೆನ್ನಿಗೆ, ಆಮೇಲೆ ಕಿವಿಗೆ. ನಾನು ಅವರ ಮುಖ ನೋಡಿದೆ. ಅವರ ತೋಳಿನ ಕೂದಲು ಎದ್ದು ನಿಂತಿತ್ತು. ಅವರಿಗೂ ಕೇಳಿಸುತ್ತಿತ್ತು.

ತುಂಬ ಹೊತ್ತಿನ ಮೇಲೆ ಪಿಸುಗುಟ್ಟಿದರು. "ಇದು ಅಕ್ಕ ಅಲ್ಲ. ವಾದ್ಯಕ್ಕೆ ಉಸಿರು ಬೇಕಾಗಲ್ಲ. ಕೇಳಿ, ಇಲ್ಲಿ ನಡುವೆ ನಿಲ್ಸಿ ಉಸಿರು ತಗೊಳ್ತಿದಾರೆ."

ಹೌದು. ಹ್ಮ್, ಆಮೇಲೆ ಮೂಗಿನಿಂದ ಒಂದು ಸಣ್ಣ ಉಸಿರು, ಮತ್ತೆ ಹ್ಮ್. ಇದ್ದಾಗಲೂ ಅಪ್ಪನಿಗೆ ಹೀಗೇ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹದಿನಾಲ್ಕು ತಿಂಗಳು ಕೇಳಿದ ನನಗೆ ತಿಳಿಯದ್ದು ಅವರಿಗೆ ಒಂದೇ ದಿನದಲ್ಲಿ ತಿಳಿದಿತ್ತು. ನಾನು ಬರೀ ನನಗೆ ಬೇಕಾದದ್ದನ್ನು ಕೇಳುತ್ತಿದ್ದೆ.

ಸ್ವರ ಇಳಿಯುತ್ತಿತ್ತು, ಮತ್ತೆ ಮೇಲಿನಿಂದ ಶುರುವಾಗುತ್ತಿತ್ತು. ಹುಡುಕುವಾಗ ಮಾತ್ರ ಸ್ವರ ಹಾಗೆ ಇಳಿಯುತ್ತದೆ. ಥಟ್ಟನೆ ನನಗೆ ಹೊಳೆಯಿತು. ಅಪ್ಪ ಸುಮ್ಮನೆ ಕೂತು ಎಂದೂ ಗುನುಗಿದವರಲ್ಲ. ಕೆಲಸದಲ್ಲಿದ್ದಾಗ ಮಾತ್ರ, ಜಾಗ ಸಿಗುವವರೆಗೆ ಮಾತ್ರ. ಮೇಲಿನ ಮನೆಯಲ್ಲಿ ಯಾರೋ ಸ್ಪೀಕರನ್ನು ತಪ್ಪು ಮೂಲೆಗೆ ಇಟ್ಟಿದ್ದಾರೆ. ಅದನ್ನು ಬಿಟ್ಟು ಹೋಗಲು ಅಪ್ಪನಿಂದ ಆಗಿಲ್ಲ. ಹದಿನಾಲ್ಕು ತಿಂಗಳಿಂದ ಹುಡುಕುತ್ತಿದ್ದಾರೆ, ನಾನು ಸೀಮೆಸುಣ್ಣ ಹಿಡಿದು ಹಿಂದೆ ಹೋಗಲೇ ಇಲ್ಲ.

"ಏಳಿ. ಮೇಲೆ ಹೋಗೋಣ" ಎಂದೆ.

"ಈಗಲಾ? ಸರಿಸಿಬಿಟ್ರೆ ಇದು ನಿಂತುಹೋಗಬಹುದು."

"ನಿಂತುಹೋಗುತ್ತೆ."

"ನಿಮಗೆ ಬೇಕಾಗಿದ್ದು ಇದೊಂದೇ ಅಂದಿದ್ರಿ."

"ಅಪ್ಪನಿಗೆ ಸುಸ್ತಾಗಿದೆ" ಎಂದೆ. ಎದ್ದು ಎರಡೂ ಮನೆಯ ಬೀಗದ ಕೈ ತೆಗೆದುಕೊಂಡೆ.

ನನ್ನ ಮನೆಗೆ ನಾನೇ ಬೀಗ ಹಾಕಿದೆ. ಮೇಲೆ ಬಂದು ಮೇನ್ ಸ್ವಿಚ್ ಹಾಕಿ, ರೆಕಾರ್ಡ್ ಇಟ್ಟೆವು. ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಎಡಗಡೆಯ ಸ್ಪೀಕರನ್ನು ಮೂಲೆಯಿಂದ ಹೊರಗೆಳೆದು, ಮೊದಲ ದಿನ ಕಂಡಿದ್ದ ಜಾಗಕ್ಕೆ, ಕಪಾಟಿನ ಪಕ್ಕಕ್ಕೆ ತಂದೆ. ಜೋಡಿಯನ್ನು ಆಚೆ ಬದಿಗೆ ಸರಿಸಿದೆ.

"ಬಂತಾ?"

"ಸ್ವಲ್ಪ ಬಂತು. ಗೋಡೆ ಆಚೆ ಕೂತು ನುಡಿಸಿದ ಹಾಗಿದೆ."

ನನ್ನ ಲೆಕ್ಕ ತಪ್ಪಿತ್ತು. ನಾನು ಮಂಡಿಯೂರಿ ಎಡಗಡೆಯ ಸ್ಪೀಕರನ್ನು ಬೆರಳು ಬೆರಳಷ್ಟೇ ಈಚೆಗೆ ಎಳೆದೆ. ಒಂದು ಬೆರಳು. ಎರಡು. ಮಂಡಿಯ ಕೆಳಗೆ ನೆಲ ಗುನುಗುತ್ತಿತ್ತು. ಮೂಲೆಯಲ್ಲಿ ಅಲ್ಲ, ನಾನು ಎಲ್ಲಿದ್ದೆನೋ ಅಲ್ಲೇ ಕೆಳಗೆ. ನಾನು ಸರಿದಂತೆ ಅದೂ ಸರಿಯುತ್ತಿತ್ತು. ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಆದರೆ ಎಂಟನೇ ವಯಸ್ಸಿನಿಂದ ಗೊತ್ತಿದ್ದ ಜೊತೆ ಅದು. ಮೂರು ಬೆರಳು. ನಾಲ್ಕು.

ಕೆಳಗಿನಿಂದ, ನನ್ನ ಅಂಗೈಯ ನೇರ ಅಡಿಯಿಂದ, ಯಾರೋ ಗೆಣ್ಣಿನಲ್ಲಿ ಎರಡು ಸಲ ತಟ್ಟಿದರು.

ಡಾಕ್ಟರು ಕುರ್ಚಿಯಲ್ಲಿ ನೆಟ್ಟಗಾದರು. "ಕೆಳಗೆ ಯಾರಿದಾರೆ?"

"ಯಾರೂ ಇಲ್ಲ. ಬೀಗದ ಕೈ ನನ್ನ ಜೇಬಲ್ಲಿದೆ" ಎಂದೆ. ಅದೇ ಜೇಬಿನಿಂದ ಸೀಮೆಸುಣ್ಣ ತೆಗೆದು ಸ್ಪೀಕರಿನ ಸುತ್ತ ಗೆರೆ ಎಳೆದೆ. ಗೆರೆ ವಕ್ರವಾಗಿತ್ತು. ಬಲಗಡೆಯ ಸ್ಪೀಕರನ್ನೂ ನಾಲ್ಕು ಬೆರಳು ಈಚೆಗೆ ತಂದೆ. ನೆಲದೊಳಗಿನ ಗುನುಗು ನಿಂತಿತು. ಅಂಗೈ ಇಟ್ಟು ಕಾದೆ, ಬರಲಿಲ್ಲ.

ಆಗ ಕೋಣೆ ತುಂಬಿತು. ಹನ್ನೊಂದು ಜನರ ಹಿಂದಿನಿಂದ ಹನ್ನೆರಡನೆಯವಳು ನಡೆದು ಬಂದು ನಡುವೆ ನಿಂತಳು. ಕಮಾನು ತಂತಿಗೆ ತಾಗುವುದು, ಬೆರಳು ಜಾರುವುದು, ಎಲ್ಲ. ಕಿಟಕಿಯ ಮೇಲಿನ ಹಲ್ಲುಗಳು ಸಣ್ಣಗೆ ಕಟಕಟ ಎಂದವು. ಡಾಕ್ಟರು ಕಣ್ಣು ಮುಚ್ಚಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಂದ್ಳು" ಎಂದರು.

ನಾನು ನೆಲದ ಮೇಲೇ ಕೂತು ಅತ್ತೆ. ಒಬ್ಬರು ಬಂದಿದ್ದರು, ಒಬ್ಬರು ಹೋಗಿದ್ದರು. ರೆಕಾರ್ಡಿನ ಆ ಬದಿಯನ್ನು ಕೊನೆಯವರೆಗೆ ಕೇಳಿದೆವು.

ಆಮೇಲೆ ಕೆಳಗೆ ಹೋದೆವು. ಬೀಗ ಹಾಕಿದಂತೆಯೇ ಇತ್ತು. ಅಪ್ಪನ ಕೋಣೆಯ ದೀಪ ಹಾಕಿದಾಗ ಡಾಕ್ಟರು ನನ್ನ ಕೈ ಹಿಡಿದರು, ಈ ಸಲ ಎರಡು ಬೆರಳಲ್ಲಿ ಅಲ್ಲ. ಮೂಲೆ ಖಾಲಿಯಿತ್ತು. ಸ್ಟೂಲಿನ ನಾಲ್ಕು ಕಾಲುಗಳಿದ್ದಲ್ಲಿ ನೆಲದ ಮೇಲೆ ನಾಲ್ಕು ದುಂಡನೆಯ ಗುರುತು. ಸ್ಟೂಲ್ ಒಂದು ಮಾರು ದೂರದಲ್ಲಿ ನಿಂತಿತ್ತು, ಸೂರಿಗೆ ಕೈ ಎಟುಕಿಸಲು ಯಾರೋ ಹತ್ತಿದ ಹಾಗೆ. ಅದರ ನೇರ ಮೇಲೆ ನಾನು ಗೆರೆ ಎಳೆದ ಜಾಗ.

ಮುಟ್ಟಿ ನೋಡಿದೆ. ಮರ ತಣ್ಣಗಿತ್ತು, ಬರೀ ಒಂದು ಸ್ಟೂಲ್. ಎತ್ತಿಕೊಂಡೆ.

"ಎಲ್ಲಿಗೆ?" ಎಂದರು.

"ಮೇಲೆ. ನಿಮ್ಮನೇಲಿ ಇರೋದು ಒಂದೇ ಕುರ್ಚಿ. ನಾನು ಎಷ್ಟು ದಿನ ಅಂತ ನೆಲದ ಮೇಲೆ ಕೂರಲಿ?"

ಅವರ ಕಿವಿಯ ತುದಿ ಕೆಂಪಾಯಿತು. "ಇನ್ನು ಸರಿಸೋದು ಏನೂ ಉಳಿದಿಲ್ಲ. ಏನು ನೆಪ ಹೇಳ್ಕೊಂಡು ಬರ್ತೀರಿ?"

"ನೆಪ ಇಲ್ಲದೇ ಬರ್ತೀನಿ. ಆಗುತ್ತಾ?"

"ಸ್ಟೀರಿಯೋ ಒಬ್ಬರಿಗೇ ಸರಿಯಾಗಿ ಕೇಳಿಸೋದು ಅಂತ ನೀವೇ ಹೇಳಿದ್ರಿ. ನಡುವೆ ಕೂತವರಿಗೆ."

"ಹತ್ತಿರ ಕೂತ್ರೆ ಇಬ್ಬರಿಗೂ ಆಗುತ್ತೆ" ಎಂದೆ. ಕಸುಬಿನ ವಿಷಯದಲ್ಲಿ ನಾನು ಅವರಿಗೆ ಹೇಳಿದ ಎರಡನೇ ಸುಳ್ಳು ಅದು. ಅವರಿಗೂ ಗೊತ್ತಾಯಿತು. ಬೈಯಲಿಲ್ಲ, ಸ್ಟೂಲಿನ ಇನ್ನೊಂದು ಬದಿ ಹಿಡಿದುಕೊಂಡರು. ಮೆಟ್ಟಿಲು ಹತ್ತುವಾಗ ನಾನೂ ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ಕೆಳಗೆ ಯಾರೂ ಇರಲಿಲ್ಲ, ಆದರೂ ಸದ್ದು ಮಾಡಲು ಮನಸ್ಸಾಗಲಿಲ್ಲ.